ಸ್ವಾಮಿಗಳು ಮೀನು ಬೇಡಿದ್ದು

ಆಫ್ರಿಕಾದ ಪೂರ್ವ ಕರಾವಳಿಯ ಒಂದು ಸಣ್ಣ ಬಂದರಿನಲ್ಲಿ, ರೈಲ್ವೆ ಗುಮಾಸ್ತರೊಬ್ಬರ ಮನೆಯ ಹಿತ್ತಿಲಿನ ತಗಡಿನ ಕೊಟ್ಟಿಗೆಯೇ ಪೂಜ್ಯ ಶಮಾನಂದ ಸ್ವಾಮಿಗಳ ಆಶ್ರಮವಾಗಿತ್ತು. ಒಂದು ಚಾಪೆ, ಒಂದು ಸ್ಟವ್, ಟಿಂಚರ್ ಸೀಸೆಗಳು, ಹಳೆಯ ಧೋತರ ಹರಿದು ಮಾಡಿದ ಪಟ್ಟಿಗಳು, ಆಸ್ತಿಯೆಂದರೆ ಅಷ್ಟೇ. ಧರ್ಮಪ್ರಚಾರಕ್ಕೆಂದು ಹಡಗು ಹತ್ತಿ ಬಂದಿದ್ದ ಸ್ವಾಮಿಗಳು ಮೊದಲ ವಾರವೇ ಅಲ್ಲಿಯ ಬೆಸ್ತರ ಕಾಲಿನ ಹುಣ್ಣುಗಳನ್ನು ಕಂಡು, ಪ್ರವಚನದ ಟಿಪ್ಪಣಿಗಳನ್ನು ಎತ್ತಿಟ್ಟು, ಗಾಯ ತೊಳೆಯಲು ಕುಳಿತಿದ್ದರು.

ಗುಮಾಸ್ತರ ಹೆಸರು ಹಣಮಂತರಾವ್ ಗಲಗಲಿ. ವಿಜಾಪುರದ ಕಡೆಯವರು, ಕಟ್ಟಾ ಆಚಾರವಂತರು. ಸ್ವಾಮಿಗಳು ಗೀತೆ ಹೇಳುವರೆಂದು ಜಾಗ ಕೊಟ್ಟವರಿಗೆ, ದಿನವೂ ಹಿತ್ತಿಲು ತುಂಬುವ ರೋಗಿಗಳನ್ನು ಕಂಡು ಅಸಮಾಧಾನ. "ಇದು ಸನ್ಯಾಸಿ ಮಾಡೂ ಕೆಲಸ ಏನ್ರೀ?" ಎಂದು ಕೇಳುತ್ತಲೇ ಇದ್ದರು. ಸ್ವಾಮಿಗಳು ನಕ್ಕು ಮುಂದಿನ ಗಾಯಕ್ಕೆ ಕೈಹಾಕುತ್ತಿದ್ದರು.

ಅಲ್ಲಿಯವರ ಸ್ವಾಹಿಲಿ ಭಾಷೆಯನ್ನು ಸ್ವಾಮಿಗಳು ಹಟ ಹಿಡಿದು ಕಲಿಯುತ್ತಿದ್ದ ಕಾಲವದು. ಒಂದು ದಿನ ಬಕಾರಿ ಎಂಬ ಬೆಸ್ತನ ಅಂಗಾಲಿಗೆ ಟಿಂಚರ್ ಹಚ್ಚಿದಾಗ ಅವನು ಚೀರಿದ. ಸ್ವಾಮಿಗಳ ಕಣ್ಣು ತುಂಬಿತು. ಕೈಮುಗಿದು "ಸಮಾಕಿ, ಸಮಾಕಿ" ಎಂದು ಮತ್ತೆ ಮತ್ತೆ ಹೇಳಿದರು. ಬಕಾರಿ ಅವರ ಬಡಕಲು ಮೈಯನ್ನೊಮ್ಮೆ ದಿಟ್ಟಿಸಿ, ಕುಂಟುತ್ತ ಹೋದ.

ಮರುದಿನ ಬೆಳಿಗ್ಗೆ ಬುಟ್ಟಿ ಹೊತ್ತು ಬಂದ. ಸ್ವಾಮಿಗಳ ಪಾದದ ಬಳಿ ಇಳಿಸಿ ಮೇಲಿನ ಬಾಳೆಲೆ ಸರಿಸಿದರೆ, ಬುಟ್ಟಿ ತುಂಬ ಮೀನು! ಕೆಲವು ಇನ್ನೂ ಬಾಲ ಬಡಿಯುತ್ತಿದ್ದವು.

ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿದ್ದ ಗಲಗಲಿಯವರು ಓಡಿಬಂದರು. ಬಕಾರಿಯನ್ನು ವಿಚಾರಿಸಿ ತಲೆಯ ಮೇಲೆ ಕೈಹೊತ್ತರು. "ಸ್ವಾಮಿಗಳ, ಕ್ಷಮಿಸು ಅನ್ಲಿಕ್ಕೆ 'ಸಮಹಾನಿ' ಅನಬೇಕ್ರಿ. 'ಸಮಾಕಿ' ಅಂದ್ರ ಮೀನು! ಕಣ್ಣಾಗ ನೀರು ತಂದು, ಕೈಮುಗದು, ಮೀನು ಬೇಡೀರಿ ನೀವು!"

ಸ್ವಾಮಿಗಳು ಬುಟ್ಟಿಯನ್ನೂ ಬಕಾರಿಯನ್ನೂ ನೋಡಿದರು. ಬಳಿಕ ಹೊಟ್ಟೆ ಹಿಡಿದುಕೊಂಡು ನಕ್ಕರು.

ಗಲಗಲಿಯವರಿಗೆ ನಗು ಬರಲಿಲ್ಲ. "ಇದನ್ನ ಮೊದಲ ಹೊರಗ ಕಳಸ್ರಿ. ಬುಟ್ಟಿ ಇಲ್ಲೇ ಉಳದ್ರ ನಿಮಗ ಈ ಜಾಗಾ ಇಲ್ಲ."

ಬಕಾರಿಗೆ ಕನ್ನಡ ತಿಳಿಯದಿದ್ದರೂ ಬೈಗುಳ ತಿಳಿಯಿತು. ತಲೆ ತಗ್ಗಿಸಿ ಬುಟ್ಟಿಗೆ ಕೈಹಾಕಿದ. ಅವನ ಕಾಲಿನ ಪಟ್ಟಿ ರಕ್ತದಲ್ಲಿ ತೊಯ್ದಿದ್ದುದನ್ನು ಸ್ವಾಮಿಗಳು ಆಗ ಕಂಡರು. ಆ ಹುಣ್ಣುಗಾಲಲ್ಲೇ ಅವನು ಉಪ್ಪುನೀರಿಗಿಳಿದು ಬಲೆ ಬೀಸಿದ್ದ.

ಸ್ವಾಮಿಗಳು ಎದ್ದು ನಿಂತರು. "ಜಾಗ ನಿಮ್ಮದು ರಾಯರೇ, ಬುಟ್ಟಿ ನನ್ನದು" ಎಂದರು. ಜನ್ಮದಲ್ಲಿ ಮೀನು ಮುಟ್ಟದ ಆ ಮಹಾನುಭಾವರು ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಕಡಲ ದಂಡೆಯತ್ತ ನಡೆದೇಬಿಟ್ಟರು. ಸ್ಟವ್, ಸೀಸೆ, ಚಾಪೆ ಹಿಡಿದು ರೋಗಿಗಳು ಹಿಂಬಾಲಿಸಿದರು.

ದೋಣಿಗಳ ನಡುವೆ ಹಳೆಯ ಹಾಯಿಯೊಂದರ ನೆರಳಲ್ಲಿ ಒಲೆ ಹೊತ್ತಿತು. ಬಕಾರಿ ಮೀನು ಬೇಯಿಸಿದ. ಸ್ವಾಮಿಗಳು ತಾವೇ ಎಲ್ಲರಿಗೂ ಬಡಿಸಿ, ತಮ್ಮ ಮೆಕ್ಕೆಜೋಳದ ಗಂಜಿಯ ಬಟ್ಟಲು ಹಿಡಿದು ಅವರ ನಡುವೆ ಕುಳಿತರು. ತಾವು ಬೇಡಿದ್ದು ಕ್ಷಮೆಯನ್ನು ಎಂದು ಅವರು ತೊದಲುತ್ತ ತಿಳಿಸಿದಾಗ ಬಕಾರಿ ಮರಳಿನಲ್ಲಿ ಬಿದ್ದು ಹೊರಳಾಡಿ ನಕ್ಕ. ಅಂದಿನಿಂದ, ಪಟ್ಟಿ ಕಟ್ಟಿಸಿಕೊಂಡವರು ಸ್ವಾಮಿಗಳಿಗೆ ಒಂದು ಶಬ್ದ ಕಲಿಸಿಯೇ ಏಳಬೇಕೆಂಬ ಕಟ್ಟಳೆಯಾಯಿತು.

ಒಂಬತ್ತನೆಯ ದಿನ ಗಲಗಲಿಯವರು ದಂಡೆಗೆ ಬಂದರು. ಬಿಸಿಲಿಗೆ ಸ್ವಾಮಿಗಳ ಮುಖ ಕಪ್ಪಿಟ್ಟಿತ್ತು. ಎದುರಿನ ರೋಗಿಗಳ ಸಾಲು ಮೊದಲಿಗಿಂತ ಉದ್ದವಾಗಿತ್ತು.

"ತಪ್ಪಾತ್ರಿ. ಮನೀಗೆ ನಡೀರಿ" ಎಂದರು ರಾಯರು.

ಸ್ವಾಮಿಗಳು ಕೀವು ಹತ್ತಿದ ಪಟ್ಟಿಗಳ ಬಕೆಟನ್ನು ಅವರತ್ತ ಸರಿಸಿದರು. "ಮೊದಲು ಇವನ್ನು ಒಗೆದುಕೊಡಿ."

ರಾಯರು ಮೊದಲು ಮೂಗು ಮುಚ್ಚಿಕೊಂಡರು. ಆಮೇಲೆ ಕಚ್ಚೆ ಬಿಗಿದು ಬಕೆಟಿನ ಮುಂದೆ ಕುಳಿತರು. ನಿವೃತ್ತರಾಗುವವರೆಗೆ, ಹದಿನಾಲ್ಕು ವರ್ಷ, ಕಚೇರಿ ಮುಗಿದೊಡನೆ ಅವರು ಬಂದು ಕೂರುತ್ತಿದ್ದ ಜಾಗ ಅದೇ.

ರಾಯರು ವಿಜಾಪುರಕ್ಕೆ ಮರಳಿದ ಮೇಲೆ ಸ್ವಾಮಿಗಳ ಭಕ್ತರು ಅವರನ್ನು ಕೇಳುತ್ತಿದ್ದರು: "ಅಂಥಾ ಮಹಾತ್ಮರ ಸನ್ನಿಧಿಯೊಳಗ ಇಷ್ಟು ವರ್ಷ ಇದ್ರಿ. ಏನು ಸಾಧನಾ ಮಾಡಿದ್ರಿ?"

ರಾಯರು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡು, "ಪಟ್ಟಿ ಒಗದೀನ್ರಿ" ಎನ್ನುತ್ತಿದ್ದರು. ಆ ಉತ್ತರವನ್ನು ಅವರ ಬಾಯಿಂದಲೇ ಕೇಳಿದವರಲ್ಲಿ ನಾನೂ ಒಬ್ಬ.