ಹಸಿರು ಕಂಡರಾಗದ ವರ್ತಕ

"ಗುರುಗಳೇ, ಮಗಳ ಹಠವನ್ನು ಮುರಿಯುವುದು ಹೇಗೆ?"

ಕೇಳಿದವನು ಸಂಗೀತದ ಮೇಷ್ಟ್ರು ಸೀತಾಪತಿ. ನಮಸ್ಕಾರ ಮಾಡಿ ಎದ್ದವನು ಕುಶಲ ಕ್ಷೇಮದ ಮಾತೊಂದೂ ಇಲ್ಲದೆ ಇದನ್ನೇ ಕೇಳಿದ. ಕೇಳಿ ಕಂಬಕ್ಕೆ ಒರಗಿ ಕುಳಿತ. ಸೋತು ಸುಣ್ಣವಾಗಿದ್ದ.

ಏನಾಯಿತೆಂದು ಗುರುಗಳು ವಿಚಾರಿಸಿದರು. ಸೀತಾಪತಿ ಹೇಳಿದ. ಅವನ ಮಗಳು ಅಂಬುಜೆಗೆ ದೇವರು ಕೊಟ್ಟ ಕಂಠ. ಅದು ಹಾಳಾಗಬಾರದೆಂದು ಅವನು ಅವಳಿಗೆ ಬೀದಿಯ ಆಟ ಬಿಡಿಸಿದ. ಗೆಳತಿಯರನ್ನು ಬಿಡಿಸಿದ. ತಾಯಿಯ ಜೊತೆ ಅಡುಗೆಮನೆಯಲ್ಲಿ ಹರಟುತ್ತ ಕೂರುವುದನ್ನೂ ಬಿಡಿಸಿದ. ನಸುಕಿನಲ್ಲಿ ಎಬ್ಬಿಸಿ ಸಾಧಕಕ್ಕೆ ಕೂರಿಸಿದ. ಅವಳೊಡನೆ ತಾನೂ ನಿದ್ದೆಗೆಟ್ಟ. ಕೇಳಿದವರೆಲ್ಲ ತಲೆದೂಗಿದರು. ಈಗ ಮೊದಲ ಕಚೇರಿ ಹತ್ತಿರ ಬಂದಿದೆ. ನಿನ್ನೆ ತಂಬೂರಿಯ ಮುಂದೆ ಕುಳಿತವಳು, ಇನ್ನು ತಾನು ಹಾಡುವುದಿಲ್ಲವೆಂದು ಎದ್ದುಹೋದಳು. ಬೈದರೂ ಇಲ್ಲ, ಬೇಡಿಕೊಂಡರೂ ಇಲ್ಲ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಈ ಹಠವೊಂದನ್ನು ಈಗಲೇ ಮುರಿದುಬಿಟ್ಟರೆ ಎಲ್ಲ ಸರಿಹೋಗುತ್ತದೆ. ದಾರಿ ಹೇಳಿ. ನನಗೂ ಸಾಕಾಗಿಹೋಗಿದೆ" ಎಂದ.

ದಾರಿ ಕೇಳಲು ಬಂದವನು ದಾರಿಯನ್ನು ತಾನೇ ಗೊತ್ತುಮಾಡಿಕೊಂಡು ಬಂದಿದ್ದ. ಅವನಿಗೆ ಬೇಕಿದ್ದದ್ದು ಅಪ್ಪಣೆ. ಗುರುಗಳಿಗೆ ಅದು ತಿಳಿಯಿತು. ಅವರಿಗೂ ವಯಸ್ಸಾಗಿತ್ತು, ವಾದ ಮಾಡುವ ತ್ರಾಣ ಇರಲಿಲ್ಲ. ಗಿಡದ ಮಾತನ್ನು ನೀನೇ ಎತ್ತಿದೆಯಲ್ಲ, ಗಿಡದ್ದೇ ಒಂದು ಕತೆ ಕೇಳು ಎಂದರು.

ಒಂದು ಊರಿನಲ್ಲಿ ಒಬ್ಬ ವರ್ತಕ. ಅವನು ವ್ಯಾಪಾರಕ್ಕೆಂದು ತಣ್ಣನೆಯ ನಾಡೊಂದಕ್ಕೆ ಹೋದವನು ಅಲ್ಲಿಂದ ಒಂದು ಅಲಂಕಾರದ ಪೊದೆ ತಂದ. ನಮ್ಮ ಹೊಳೆದಂಡೆಯ ನೀರವಂಜಿ ಮರದ ಜಾತಿಯದೇ. ಎಲೆ ಮಾತ್ರ ಬೇರೆ. ಹಸಿರಿನ ಮೇಲೆ ಬಿಳಿ ಚೆಲ್ಲಿದ ಎಲೆ, ಎಳೆಯ ಚಿಗುರಿನ ತುದಿಗೆ ನಸುಗೆಂಪು. ಕೊಟ್ಟವನು ಹೇಳಿ ಕಳಿಸಿದ್ದ: ಚಳಿ ಕಳೆದ ಮೇಲೆ ಕೊಂಬೆಗಳನ್ನು ಒಮ್ಮೆ ಚೆನ್ನಾಗಿ ಸವರು, ಹೊಸ ಚಿಗುರಿಗೆ ಬಣ್ಣ ಬರುತ್ತದೆ. ನಡುವೆ ಬರೀ ಹಸಿರಿನ ಕೊಂಬೆ ಎದ್ದರೆ ಬುಡಕ್ಕೆ ಕತ್ತರಿಸು, ಬಿಟ್ಟರೆ ಅದೇ ಬಲಿತು ಗಿಡವನ್ನೆಲ್ಲ ಆವರಿಸುತ್ತದೆ. ಸುಳ್ಳಲ್ಲ, ಸರಿಯಾದ ಮಾತೇ.

ವರ್ತಕ ಹಾಗೆಯೇ ಮಾಡಿದ. ಗಿಡ ತುಂಬಿ ನಿಂತಿತು. ಹೋಗುವವರು ಬರುವವರು ನಿಂತು ನೋಡಿದರು. ಹೊಗಳಿಕೆ ಯಾರಿಗೆ ಬೇಡ? ಅವನು ಉಬ್ಬಿಹೋದ. ಹಸಿರು ಕೊಂಬೆ ತೆಗೆದರೇ ಇಷ್ಟು ಚೆಂದ, ಇನ್ನು ಹಸಿರೇ ಇಲ್ಲದಿದ್ದರೆ ಎಷ್ಟು ಚೆಂದವಿದ್ದೀತು ಎಂದುಕೊಂಡ. ಅಲ್ಲಿಂದ ಅವನ ನೆಮ್ಮದಿ ಹೋಯಿತು ನೋಡು. ಅಂಗಡಿಯನ್ನು ಗುಮಾಸ್ತೆಗೆ ಬಿಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಿಡ ಕಾಯತೊಡಗಿದ. ಮುಕ್ಕಾಲು ಹಸಿರಿದ್ದ ಕೊಂಬೆ ಕತ್ತರಿಸಿದ. ಆಮೇಲೆ ಅರ್ಧ ಹಸಿರಿದ್ದದ್ದು. ಆಮೇಲೆ ಎಲೆಯಲ್ಲಿ ಒಂದು ಗೆರೆ ಹಸಿರು ಕಂಡರೂ ಕತ್ತರಿ. ಅಂಗೈ ಜಡ್ಡುಗಟ್ಟಿತು, ಸೊಂಟ ಹಿಡಿದುಕೊಂಡಿತು, ಉಂಡದ್ದು ಮೈಗೆ ಹತ್ತಲಿಲ್ಲ.

ಅವನ ಹೆಂಡತಿ ಒಂದು ದಿನ ಕೇಳಿದಳು: "ಹಸಿರು ಕಂಡರೆ ನಿಮಗೆ ಯಾಕೆ ಇಷ್ಟು ಹಗೆ?"

"ಹಗೆಯೇ? ಪ್ರೀತಿ ಇಲ್ಲದವನು ಹೀಗೆ ಮೈ ಮುರಿದು ದುಡಿಯುತ್ತಾನೆಯೇ? ಹಸಿರು ಗಿಡ ಊರಲ್ಲಿ ಯಾರ ಮನೆಯಲ್ಲಿಲ್ಲ? ನನ್ನದು ಅಂಥದ್ದಲ್ಲ" ಎಂದ ವರ್ತಕ.

ಅವಳು ಒಳಗೆ ಹೋದಳು. ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು.

ಕೊನೆಗೆ ಗಿಡ ಪೂರ್ತಿ ಬಿಳಿಯಾಯಿತು. ಊರಿಗೆ ಊರೇ ಬಂದು ನೋಡಿತು. ಆಮೇಲೆ ಎಲೆಗಳು ಸಣ್ಣಗಾದವು; ಅಂಚು ಸುಟ್ಟಂತಾಗಿ ಉದುರತೊಡಗಿದವು. ವರ್ತಕ ಗೊಬ್ಬರ ಹಾಕಿದ, ನೀರೆರೆದ, ಬಿಸಿಲು ತಾಗದಂತೆ ಚಪ್ಪರ ಕಟ್ಟಿದ. ಏನು ಮಾಡಿದರೇನು? ಬಿಳಿ ಎಲೆಗೆ ಬಿಸಿಲನ್ನು ಅನ್ನ ಮಾಡಿಕೊಳ್ಳಲು ಬಾರದು. ಹಸಿರೆಲೆಯೇ ಬೇಯಿಸಿ ಅದಕ್ಕೂ ಬಡಿಸಬೇಕು. ಇವನು ಅಡುಗೆಯವರನ್ನೆಲ್ಲ ಓಡಿಸಿ ಊಟಕ್ಕೆ ಪಂಕ್ತಿ ಕೂರಿಸಿದ್ದ. ಗಿಡ ಒಣಗಿ ಬರೀ ಕಡ್ಡಿಯಾಯಿತು. ವರ್ತಕ ಅದರ ಮುಂದೆ ಕುಳಿತು ಅತ್ತ. ತೋರಿಕೆಗಲ್ಲ, ಹೊಟ್ಟೆ ಉರಿದು ಅತ್ತ.

ಅವನು ಆಸೆಯನ್ನೇ ಬಿಟ್ಟಿದ್ದಾಗ, ಒಂದು ಬೆಳಿಗ್ಗೆ, ಬುಡದಲ್ಲಿ ಒಂದು ಚಿಗುರು ಎದ್ದಿತ್ತು. ಬೇರಿನಲ್ಲಿ ಅಷ್ಟಿಷ್ಟು ಉಳಿದಿದ್ದ ಜೀವವೆಲ್ಲ ಕೂಡಿ ಮೇಲೆ ಬಂದಂಥ ಚಿಗುರು. ಬಿಳಿಯ ಸುಳಿವೇ ಇಲ್ಲ, ಅಪ್ಪಟ ಹಸಿರು. ಕಂಡದ್ದೇ ತಡ, ವರ್ತಕನ ಕೈ ಕತ್ತರಿಗೆ ಹೋಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಸೀತಾಪತಿ ಕಾದ. ಗುರುಗಳು ಮುಂದೆ ಹೇಳುವಂತೆ ಕಾಣಲಿಲ್ಲ. ಬಂದ ಕೆಲಸ, ಮಗಳು, ಕಚೇರಿ ಎಲ್ಲ ಅವನಿಗೆ ಆ ಗಳಿಗೆ ಮರೆತೇಹೋಗಿತ್ತು. ಆ ಒಂದು ಚಿಗುರು ಉಳಿದರೆ ಸಾಕೆಂದು ಅವನ ಜೀವ ಹೊಡೆದುಕೊಳ್ಳುತ್ತಿತ್ತು. ಒರಗಿದ್ದ ಕಂಬ ಬಿಟ್ಟು ಮುಂದಕ್ಕೆ ಸರಿದು ಕೇಳಿದ:

"ಕತ್ತರಿಸಿಬಿಟ್ಟನೇ ಗುರುಗಳೇ?"

"ಅದು ನೀನು ಮನೆ ಮುಟ್ಟಿದ ಮೇಲೆ ತಾನೆ ಗೊತ್ತಾಗುವುದು" ಎಂದರು ಗುರುಗಳು.