ಎಬ್ಬಿಸಬ್ಯಾಡ, ಹೇಳಿ ಹೋಗು

ಫಕೀರ್ಯಾ ಮೊದಲ ಸಲ ಮನೆ ಬಿಟ್ಟದ್ದು ಪಂಚಮಿಯ ಮರುದಿನ, ಬುಧವಾರ. “ಎಲ್ಲೆರ ಹಾಳಾಗಿ ಹೋಗಲೇ!” ಅಂದಳು ಅವ್ವ ಕೊಟ್ರವ್ವ. ಹೋದ. ಮೂರು ದಿನ ಬಿಟ್ಟು ಬಂದ. ಅಷ್ಟರಲ್ಲಿ ಅವಳು ಮೆಣಸಿನಕಾಯಿ ಪೇಟೆಯೆಲ್ಲಾ ಹುಡುಕಿ ದಣಿದಿದ್ದಳು. ಮೂವತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿ ಘಾಟು ಕುಡಿದ ಎದೆ, ಸುಂಯ್ ಸುಂಯ್ ಅನ್ನುತ್ತಿತ್ತು.

“ಹೋಗೂ ಮೊದಲ ಹೇಳಿ ಹೋಗಬೇಕಲೇ ಮೂಳಾ!”

“ಹೂಂ ಯವ್ವಾ.”

ಆಮೇಲೆ ಊರಿಗೆ ಒಬ್ಬ ಹೆಣ್ಣು ಡಾಕ್ಟರು ಬಂದರು, ಓಣಿಯವರಿಗೆ ‘ಡಾಕ್ಟರ್ ಬಾಯಿ’. ಕೈಯಲ್ಲಿ ದಮ್ಮಿನ ಕಾಯಿಲೆಯ ಪ್ರಶ್ನೆಗಳ ಹಾಳೆ. ಇಂಗ್ಲಿಷಿನದನ್ನು ಕನ್ನಡ ಮಾಡಿದ್ದು. ಮಂದಿಗೆ ತಿಳಿಯುತ್ತದೋ ಇಲ್ಲವೋ, ಅವರು ಹೇಳುವುದಕ್ಕೂ ಉಸಿರಿನ ಬಲ ಅಳೆಯಲು ಊದುವ ಕೊಳವೆ ಹೇಳುವುದಕ್ಕೂ ತಾಳೆಯಾಗುತ್ತದೋ ಇಲ್ಲವೋ ನೋಡಬೇಕಿತ್ತು. ಮಂದಿಯನ್ನು ಕೇಳಿ ಬರಲು ಓಣಿ ಓಣಿ ತಿರುಗಿದ ಫಕೀರ್ಯಾನೇ ಸಿಕ್ಕ.

“ಇದ್ದಂಗ ಓದಪಾ. ಒಂದಕ್ಷರ ಬಿಡಬ್ಯಾಡ.”

ಬಿಡಲಿಲ್ಲ. ಬೆನ್ನ ಮೇಲೆ ಚೀಲ ಹೊತ್ತ ಹಮಾಲ ರಾಚಪ್ಪನನ್ನು ನಿಲ್ಲಿಸಿ ಓದಿದ: “ಪುಟ ಒಂದು. ರೋಗಿಯ ಹೆಸರು, ಚುಕ್ಕಿ, ಚುಕ್ಕಿ, ಚುಕ್ಕಿ...”

“ನನ್ನ ಹೆಸರು ರಾಚಪ್ಪಲೇ! ಯಾವ ಚುಕ್ಕಿ?”

ಡಾಕ್ಟರ್ ಬಾಯಿ ಹಣೆ ಬಡಿದುಕೊಂಡರು. “ಬರೇ ಪ್ರಶ್ನೆ ಓದೋ! ಎರಡು ವಾರ ಬಿಟ್ಟು ಅದೇ ಮಂದಿಗೆ ಮೊದಲಿನಂಗ ಕೇಳು. ಉತ್ತರ ಬದಲಾಗತೈತೇನು ನೋಡೋಣು.”

ಎರಡು ವಾರ ಆಯಿತು. ರಾಚಪ್ಪ ಹಾಯಾಗಿ ಚಹಾ ಕುಡಿಯುತ್ತಿದ್ದ. “ಏಳಪಾ, ಚೀಲ ಹೊರು!”

“ಯಾಕಲೇ?”

“ಮೊದಲಿನಂಗ ಕೇಳಬೇಕಂತ!”

ರಾಚಪ್ಪ ಪೇಟೆ ತುಂಬ ಅಟ್ಟಾಡಿಸಿದ.

“ನಿನ್ನ ತಲಿ ಓಡಿಸಬ್ಯಾಡ ಮಾರಾಯಾ!” ಅಂದರು ಡಾಕ್ಟರ್ ಬಾಯಿ. “ಅವರು ಅಂದದ್ದನ್ನ ಅಂದಂಗ ಬರಿ!”

ಅವತ್ತು ಅವ್ವನ ಸರದಿ. “ಉಸಿರು ಕಟ್ಟಿ ರಾತ್ರಿ ಎಷ್ಟು ಸಲ ಎಚ್ಚರವಾಯಿತು?”

“ಒಮ್ಮಿನೂ ಇಲ್ಲ.”

ಬೇರೆಯವನಾಗಿದ್ದರೆ ‘ಇಲ್ಲ’ಕ್ಕೆ ಗುರುತು ಹಾಕಿ ಏಳುತ್ತಿದ್ದ. ಅವ್ವ ಇನ್ನೂ ಮಾತಾಡುತ್ತಿದ್ದಳು. ಫಕೀರ್ಯಾ ಕೆಮ್ಮನ್ನೂ ಬಿಡದೆ ಬರೆದ: “ಖೊಕ್ ಖೊಕ್. ಎಚ್ಚರ ಆಗಾಕ ನಿದ್ದಿ ಹತ್ತಬೇಕಲೋ. ಖೊಕ್. ಗ್ವಾಡಿಗೆ ಆತು ಕುಂತು ಬೆಳಕು ಹರಸ್ತೀನಿ.”

ಡಾಕ್ಟರ್ ಬಾಯಿ ಓದಿದರು. ಮತ್ತೊಮ್ಮೆ ಓದಿದರು. ಕೊಳವೆ ಊದಲಾರದ ಹನ್ನೆರಡು ಮಂದಿ ‘ಎಚ್ಚರವಾಗಿಲ್ಲ’ ಅಂದಿದ್ದರು. ಹಾಳೆಯ ಪ್ರಕಾರ ಎಲ್ಲರೂ ಗಟ್ಟಿ! “ಅಯ್ಯೋ, ಇವರ್ಯಾರೂ ಮಲಗೇ ಇಲ್ಲಲ್ಲೋ!”

ಪ್ರಶ್ನೆ ತಿದ್ದಿದರು. ಮೊದಲು ‘ಮಲಗಲು ಆಯಿತೇ?’ ಅಂತ ಸೇರಿಸಿದರು. ಹನ್ನೆರಡೂ ಮಂದಿಯನ್ನು ಕರೆಸಿದರು. ಕೊಟ್ರವ್ವನಿಗೆ ದಮ್ಮಿನ ಔಷಧದ ಪಂಪು ಕೊಟ್ಟು, ಬಾಯಲ್ಲಿಟ್ಟು ಎಳೆಯುವುದನ್ನು ಕಲಿಸಿದರು.

“ಅವ್ವ ಹ್ಯಾಂಗ ಮಲಗತಾಳ, ಕೇಳಿ ಬರಿ.”

ಬರೆದು ತಂದ: ‘ಎಚ್ಚರವಾಯಿತು, ನಾಲ್ಕು ಸಲ.’

ಡಾಕ್ಟರ್ ಬಾಯಿ ಕೊಟ್ರವ್ವನನ್ನು ಕರೆಸಿದರು. “ಔಷಧ ಹತ್ತಲಿಲ್ಲೇನು ಕೊಟ್ರವ್ವಾ?”

“ದಮ್ಮಲ್ಲರೀ ಬಾಯಾರ, ಇವನ! ‘ನಿದ್ದಿ ಹತ್ತೇತೇನಬೇ’ ಅಂತ ನಾಕು ಸಲ ಎಬ್ಬಿಸ್ಯಾನ!”

ಡಾಕ್ಟರ್ ಬಾಯಿ ನಕ್ಕು ನಕ್ಕು ಕುರ್ಚಿ ಹಿಡಿದರು. “ಮಲಗಿದವರನ್ನ ಎಬ್ಬಿಸಬ್ಯಾಡಲೇ!”

“ಹೂಂರೀ ಬಾಯಾರ.”

ತಿದ್ದಿದ ಹಾಳೆಯ ಪ್ರಶ್ನೆಗಳನ್ನು ಮುಂದಿನ ಊರಲ್ಲೂ ಕೇಳಬೇಕಿತ್ತು. ಫಕೀರ್ಯಾನ ಕಾಲು ತುರಿಸುತ್ತಲೇ ಇತ್ತು. ಬೆಳಿಗ್ಗೆ ರೊಟ್ಟಿ, ಹಾಳೆ, ಒಂದು ಅಂಗಿ ಗಂಟು ಕಟ್ಟಿ ಹೊಸ್ತಿಲಿಗೆ ಬಂದ. ನಿಂತ. ಹೇಳಿ ಹೋಗಬೇಕು. ಎಬ್ಬಿಸಬಾರದು.

ಗಂಟಿನ ಮೇಲೆ ಕುಂತ.

ಏಳರ ಬಸ್ಸು ಹೋಯಿತು. ಎಂಟರ ಬಸ್ಸೂ ಹೋಯಿತು. ಒಳಗೆ ಕೊಟ್ರವ್ವ ಮಗ್ಗಲು ಬದಲಿಸಿ ಗೊರಕೆ ಹೊಡೆದಳು. ಸುಂಯ್ ಇಲ್ಲ, ಖೊಕ್ ಇಲ್ಲ.

ಫಕೀರ್ಯಾ ಗಂಟು ಬಿಚ್ಚಿ, ದಾರಿಯ ರೊಟ್ಟಿ ತಿಂದು, ಮತ್ತೆ ಗಂಟು ಕಟ್ಟಿದ.