ಬಣ್ಣ ತೊಳೆದು ಬಂದ ಅಧಿಕಾರಿ

"ಅಪ್ಪಣೆ ಬರುವ ಮೊದಲೇ ನಾವಾಗಿ ತೆಗೆದುಬಿಟ್ಟರೆ ತಪ್ಪೇನಮ್ಮ?" ಎಂದು ಶಾಂಭವಿ ಗುರುಗಳನ್ನು ಕೇಳಿದಳು.

ಅವಳು ಒಂದು ನಾಟಕ ಬರೆದಿದ್ದಳು. ಅದರಲ್ಲಿ ಒಬ್ಬ ಮುದುಕಿ ದೊರೆಯ ಎದುರು ನಿಂತು ನಾಲ್ಕು ಮಾತಾಡುತ್ತಾಳೆ. ಆ ಮಾತು ಆಡಿಸಬೇಕೆಂದೇ ಶಾಂಭವಿ ನಾಟಕ ಬರೆದದ್ದು. ಈಗ ತಾಲೀಮಿಗೆ ಯಾರೋ ಅಪರಿಚಿತ ಬಂದು, ಹಿಂದೆ ಕೂತು, ಹೇಳದೆ ಕೇಳದೆ ಎದ್ದುಹೋದನಂತೆ. ಯಾರ ಕಡೆಯವನೋ ಗೊತ್ತಿಲ್ಲ. ಮುದುಕಿಯನ್ನೇ ಬಿಟ್ಟುಬಿಡೋಣ ಎಂದು ನಟರು ಪೀಡಿಸುತ್ತಿದ್ದರು. ನಾಟಕ ನಾಳೆ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹಗಲುವೇಷದವನಿದ್ದ. ರಂಗವಿಲ್ಲದೆ, ಪರದೆಯಿಲ್ಲದೆ, ಹಾಡುಹಗಲಲ್ಲಿ ಜನರ ನಡುವೆಯೇ ವೇಷ ಹಾಕಿ ತಿರುಗುವುದು ಅವನ ಕಸುಬು. ಒಂದು ದಿನ ವೈದ್ಯ, ಇನ್ನೊಂದು ದಿನ ಸನ್ಯಾಸಿ. ಊರು ಮೋಸಹೋದಷ್ಟೂ ವಿದ್ಯೆ ದೊಡ್ಡದು. ವೇಷದಲ್ಲಿದ್ದಾಗ ಯಾರಿಂದಲೂ ಒಂದು ಕಾಳನ್ನೂ ಮುಟ್ಟುವಂತಿಲ್ಲ. ಕೊನೆಯ ದಿನ ಬಣ್ಣ ತೊಳೆದು, ಬರಿಮುಖದಲ್ಲಿ ಮನೆಮನೆಗೆ ಹೋಗಿ, ಅದು ನಾನೇ ಎಂದು ಕೈಮುಗಿಯಬೇಕು. ಊರವರು ನಕ್ಕು ಮೊರದಲ್ಲಿ ಅಕ್ಕಿ ತಂದು ಸುರಿಯಬೇಕು.

ಅವನು ವರ್ಷಾವರ್ಷ ಹೋಗುತ್ತಿದ್ದ ಒಂದು ಊರಿನಲ್ಲಿ ಬಯಲಾಟದ ಮೇಳವಿತ್ತು. ಅವರ ಆಟದಲ್ಲಿ ಒಂದು ಪದ. ದೊರೆಯೇ, ನಿನ್ನ ಕುದುರೆ ತಿಂದ ಹುರುಳಿ ಯಾರ ಹೊಲದ್ದು ಎಂದು ಕೇಳುವ ಪದ. ಅದನ್ನು ಕೇಳುವ ಆಸೆಗೇ ಅವನು ದಾರಿ ಬಳಸಿಕೊಂಡಾದರೂ ಆ ಊರಿಗೆ ಬರುತ್ತಿದ್ದ. ದೊರೆ ಮಾತ್ರ ಅದನ್ನು ಕೇಳಿರಲಿಲ್ಲ. ಅವನಿಗೆ ಆಟ ನೋಡುವ ಅಭ್ಯಾಸವೇ ಇರಲಿಲ್ಲ.

ಒಂದು ವರ್ಷ ವೇಷದವನಿಗೆ ಚೇಷ್ಟೆ ಹೊಳೆಯಿತು. ಮೇಕೆಕೂದಲಿನ ಮೀಸೆ ಅಂಟಿಸಿ, ಜರಿಯ ರುಮಾಲು ಸುತ್ತಿ, ಹಾಡು ಪರೀಕ್ಷಿಸುವ ಅರಮನೆಯ ಅಧಿಕಾರಿಯಾಗಿ ತಾಲೀಮಿಗೆ ಹೋಗಿ ಕೂತ. ಅಂಥ ಅಧಿಕಾರಿ ಅರಮನೆಯಲ್ಲಿ ಇರಲೇ ಇಲ್ಲ. ಹುರುಳಿಯ ಪದ ಬಂದಾಗ ಗಂಟಲು ಸರಿಮಾಡಿಕೊಂಡ. ಅಷ್ಟೇ ಅವನು ಮಾಡಿದ್ದು. ಯಾರಾದರೂ ಜಗಳಕ್ಕೆ ಬಂದಾರು, ಮೀಸೆ ಕಿತ್ತು ನಗಿಸೋಣ ಎಂದು ಕಾದ.

ಮೇಳದ ಯಜಮಾನ ತಾಳ ನಿಲ್ಲಿಸಿ, ಆ ಪದವನ್ನು ಹೇಗೂ ಬಿಡಬೇಕೆಂದಿದ್ದೆವು ಎಂದ. ಮದ್ದಲೆಯವನು ಪಕ್ಕಕ್ಕೆ ಸರಿದು ಬಂದು, ಅದನ್ನು ಕಟ್ಟಿದ್ದು ನಮ್ಮ ಮನೆಯವರಲ್ಲ, ಯಜಮಾನರ ಅಜ್ಜ ಎಂದು ಕಿವಿಯಲ್ಲಿ ಹೇಳಿ ಹೋದ. ಹೊತ್ತು ಇಳಿಯುವುದರೊಳಗೆ ಯಾರೂ ಕೇಳದಿದ್ದರೂ ಇನ್ನಷ್ಟು ಪದಗಳು ಹೋದವು. ಕುದುರೆ ಎಂಬ ಮಾತು ಇದ್ದ ಕಡೆಯಲ್ಲೆಲ್ಲ ಎತ್ತು ಬಂತು. ಯುದ್ಧಕ್ಕೆ ಹೊರಟ ವೀರನ ರಥಕ್ಕೂ ಎತ್ತು ಕಟ್ಟಿದರು.

ಚೇಷ್ಟೆ ಕೈಮೀರಿತೆಂದು ವೇಷದವನಿಗೆ ತಿಳಿಯಿತು. ಕೊನೆಯ ದಿನದವರೆಗೆ ಕಾಯಲಿಲ್ಲ. ಮರುದಿನ ಬೆಳಿಗ್ಗೆಯೇ ಬಣ್ಣ ತೊಳೆದು, ತನ್ನ ಹರಕು ಅಂಗಿ ತೊಟ್ಟು, ಯಜಮಾನನ ಜಗಲಿಗೆ ಹೋದ.

"ಯಜಮಾನರೇ, ಅದು ನಾನು. ನೀವೇ ಅಕ್ಕಿ ಹಾಕಿ ಕಳಿಸುವ ಅದೇ ಹೊಟ್ಟೆಪಾಡಿನವನು. ಆ ಪದ ಒಂದು ಸಲ ಹಾಡಿ, ಕೇಳಿಕೊಂಡು ಹೋಗುತ್ತೇನೆ."

ಯಜಮಾನ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಎದ್ದು ನಿಂತು, ಹೆಗಲ ಮೇಲಿನ ವಸ್ತ್ರ ತೆಗೆದು ಸೊಂಟಕ್ಕೆ ಸುತ್ತಿಕೊಂಡ.

"ಇಷ್ಟು ವರ್ಷ ನಮಗೆ ಗೊತ್ತೇ ಆಗಲಿಲ್ಲ ಸ್ವಾಮಿ. ಬಡವನ ವೇಷ ತಮಗೆ ಬಹಳ ಚೆನ್ನಾಗಿ ಒಪ್ಪುತ್ತದೆ."

ಅವನು ಆಣೆ ಮಾಡಿದ. ಚೀಲ ತೆರೆದು ಮೀಸೆ ತೋರಿಸಿದ. ನಂಬಿಸುವ ದಾರಿ ಬೇರೆ ಕಾಣದೆ ಬೀದಿಯಲ್ಲಿ ನಿಂತು ಆ ಪದವನ್ನು ತಾನೇ ಹಾಡಿದ. ಯಾರು ಜೊತೆಗೂಡಿ ಹಾಡುತ್ತಾರೆ ನೋಡಲಿಕ್ಕೆ ಹಾಕಿದ ಬಲೆ ಇದು ಎಂದು ಜನ ಮಕ್ಕಳನ್ನು ಒಳಗೆಳೆದು ಬಾಗಿಲು ಹಾಕಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಹೊರಗೆ ಬಂದು ಅಕ್ಕಿ ಕೊಟ್ಟರು. ಮೊರದಲ್ಲಿ ಅಲ್ಲ, ಬೆಳ್ಳಿಯ ತಟ್ಟೆಯಲ್ಲಿ. ಅವನು ಮುಟ್ಟದೆ ಊರು ಬಿಟ್ಟ.

ಆ ಪದ ಗೊತ್ತಿದ್ದವರು ಗೊತ್ತಿಲ್ಲ ಎಂದು ಹೇಳುತ್ತ ಬಂದರು. ಹೇಳುತ್ತ ಹೇಳುತ್ತ ಅದು ನಿಜವಾಯಿತು.

ಗುರುಗಳ ಕತೆ ಮುಗಿಯಿತು. ಶಾಂಭವಿ ನಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿದಳು. ತನಗೆ ಅಕ್ಷರ ಕಲಿಸಿದ, ತನ್ನ ಜ್ವರಕ್ಕೆ ಕಷಾಯ ಕಾಸಿದ ಆ ಹೆಂಗಸನ್ನು ಇನ್ನೊಮ್ಮೆ ನೋಡಿದಳು. ಇವರಿಗೆ ಇವತ್ತೇ ಈ ಕತೆ ಯಾಕೆ ನೆನಪಾಯಿತು ಎಂದು ಒಳಗೆ ಏನೋ ಕೊರೆಯಿತು.

"ನಾನು ಮುದುಕಿಯನ್ನು ಉಳಿಸಿಕೊಳ್ಳುತ್ತೇನೋ ಇಲ್ಲವೋ ಎಂದು ತಿಳಿದು ಹೇಳಿ ಅಂತ ನಿಮಗೆ ಯಾರಾದರೂ ಹೇಳಿದ್ದಾರಾ ಅಮ್ಮ?"

ಗುರುಗಳು ಹೇಳಿದರು:

"ಇನ್ನೂ ಒಬ್ಬ ಅಧಿಕಾರಿಯೂ ಬಂದಿಲ್ಲ ಮಗಳೇ, ಆಗಲೇ ನಿನ್ನ ಅನುಮಾನ ನನ್ನವರೆಗೆ ಬಂತು."